ಮುಚ್ಚಳಿಕೆ ಬರೆದುಕೊಟ್ಟ ರಾಯಭಾರಿ

ನಿಮಗೆ ನೆನಪಿದೆಯೇ? ನಾವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಜೂನ್ ತಿಂಗಳು ಬಂತೆಂದರೆ ಪುಸ್ತಕಗಳಿಗೆ ಬೈಂಡು ಹಾಕುವ ಸಂಭ್ರಮ. ಖಾಕಿ ಕಾಗದಕ್ಕೆ ಕಾಸು ಕೇಳಿದರೆ ಅಪ್ಪನ ಹುಬ್ಬು ಮೇಲೇರುತ್ತಿತ್ತು. ಆಗ ನಮಗೆಲ್ಲ ಆಸರೆಯಾಗಿ ಒದಗುತ್ತಿದ್ದುದು 'ಸೋವಿಯತ್ ಲ್ಯಾಂಡ್' ಪತ್ರಿಕೆಯ ಹಾಳೆ. ಎಂಥ ನುಣುಪು, ಎಂಥ ಬಣ್ಣ! ಮಳೆಯಲ್ಲಿ ನೆನೆದರೂ ಬೇಗ ಹರಿಯುತ್ತಿರಲಿಲ್ಲ. ನನ್ನ ಐದನೇ ತರಗತಿಯ ಲೆಕ್ಕದ ಪುಸ್ತಕದ ಮೇಲೆ, ತಲೆಗೆ ವಸ್ತ್ರ ಕಟ್ಟಿಕೊಂಡ ಒಬ್ಬ ಹೆಂಗಸು ಗೋಧಿ ಹೊಲದಲ್ಲಿ ನಿಂತು ವರ್ಷವಿಡೀ ನಗುತ್ತಿದ್ದಳು. ಅವಳ ದೇಶದ ಬಗ್ಗೆ ನನಗೆ ಬೇರೇನೂ ಗೊತ್ತಿರಲಿಲ್ಲ. ಆದರೆ ಅವಳು ಒಳ್ಳೆಯವಳು ಅನ್ನುವುದು ಮಾತ್ರ ಖಂಡಿತವಾಗಿ ಗೊತ್ತಿತ್ತು!

ವಕೀಲರ ಮನೆಯ ಮಕ್ಕಳ ಪುಸ್ತಕಕ್ಕೆ ಅಮೆರಿಕದವರ 'ಸ್ಪ್ಯಾನ್' ಪತ್ರಿಕೆಯ ಹಾಳೆ ಇರುತ್ತಿತ್ತು. ನಮ್ಮ ಹಾಳೆ ಚೆನ್ನ, ನಿಮ್ಮ ಹಾಳೆ ಚೆನ್ನ ಎಂದು ನಾವು ಜಗಳವಾಡುತ್ತಿದ್ದೆವು. ಆ ಎರಡು ದೊಡ್ಡ ದೇಶಗಳು ನಡೆಸುತ್ತಿದ್ದ ಜಗಳದ ಒಂದು ಚೂರು ನಮ್ಮ ಶಾಲೆಯ ಬೆಂಚಿನ ಮೇಲೂ ಬಂದು ಬಿದ್ದಿದೆ ಎಂದು ನಮಗೇನು ಗೊತ್ತು?

ಒಂದು ದೇಶ ಇನ್ನೊಂದು ದೇಶದ ಸರ್ಕಾರದೊಂದಿಗಲ್ಲ, ಅಲ್ಲಿನ ಜನರೊಂದಿಗೆ ನೇರವಾಗಿ ಮಾತಿಗೆ ತೊಡಗುವುದಕ್ಕೆ ಸಾರ್ವಜನಿಕ ರಾಜತಾಂತ್ರಿಕತೆ ಎಂಬ ದೊಡ್ಡ ಹೆಸರಿದೆ. ಬಾಯಿ ತಿರುಗದ ಮಾತು ಬಿಡಿ. 1965ರಲ್ಲಿ ಅಮೆರಿಕದ ಎಡ್ಮಂಡ್ ಗಲಿಯನ್ ಎಂಬುವರು ಈ ಅರ್ಥದಲ್ಲಿ ಆ ಹೆಸರನ್ನು ಬಳಕೆಗೆ ತಂದರು. ಅವರೂ ಮೊದಲು ರಾಯಭಾರಿಯಾಗಿದ್ದವರೇ. ಹೆಸರು ಹೊಸದು, ಕೆಲಸ ಮಾತ್ರ ನಿಮಗೂ ನನಗೂ ಹಳೆಯದು. ಅಕ್ಕಪಕ್ಕದ ಎರಡು ಮನೆಗಳ ಯಜಮಾನರು ಮುಂಬಾಗಿಲಲ್ಲಿ ಗಡಿಕಲ್ಲಿನ ವಿಚಾರಕ್ಕೆ ಮುಖ ತಿರುಗಿಸಿ ನಿಂತಿದ್ದರೂ ಹಿತ್ತಲ ಗೋಡೆಯ ಮೇಲಿಂದ ಒಂದು ಬಟ್ಟಲು ಹುಳಿ ಆ ಕಡೆಗೆ ಹೋಗುತ್ತದೆ, ಒಂದು ಬಟ್ಟಲು ಪಾಯಸ ಈ ಕಡೆಗೆ ಬರುತ್ತದೆ. ಆ ಬಟ್ಟಲಿನ ಹಿಂದೆ ಸ್ವಾರ್ಥವಿಲ್ಲ ಎಂದು ನಾನು ಹೇಳುವುದಿಲ್ಲ. ನಾಳೆ ನಮ್ಮ ಮನೆಯಲ್ಲಿ ಕಾರ್ಯವಾದರೆ ಅವರ ಹಂಡೆ ಬೇಕು! ದೇಶಗಳ ಬಟ್ಟಲೂ ಹಾಗೆಯೇ. ಆದರೂ ಬಟ್ಟಲು ಓಡಾಡುವ ಗೋಡೆಗೆ ಯಾರೂ ಗಾಜಿನ ಚೂರು ನೆಡುವುದಿಲ್ಲ, ಅಲ್ಲವೇ?

ಸ್ವತಂತ್ರವಾದ ಮೇಲೆ ನಮ್ಮ ದೇಶವೂ ಈ ಕೆಲಸಕ್ಕೆ ತೊಡಗಿತು. ಮೌಲಾನಾ ಆಜಾದರು 1950ರಲ್ಲಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತನ್ನು ಕಟ್ಟಿದರು. ನಮ್ಮ ಸಂಗೀತಗಾರರನ್ನೂ ನರ್ತಕಿಯರನ್ನೂ ಹೊರದೇಶಗಳಿಗೆ ಕಳಿಸುವುದು, ಅಲ್ಲಿಯ ಹುಡುಗ ಹುಡುಗಿಯರಿಗೆ ಇಲ್ಲಿ ಓದಲು ವಿದ್ಯಾರ್ಥಿವೇತನ ಕೊಡುವುದು ಅದರ ಕೆಲಸ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಓದುವ ಆಫ್ರಿಕದ ಮಕ್ಕಳನ್ನು ನೀವು ನೋಡಿರಬಹುದು. ಅವರಲ್ಲಿ ಹಲವರು ಆ ಹಣದಿಂದ ಬಂದವರು. ವಿದೇಶಾಂಗ ಇಲಾಖೆಯಲ್ಲಿ ಇದಕ್ಕೆಂದೇ ಒಂದು ವಿಭಾಗ ತೆರೆದದ್ದು ಮಾತ್ರ ತಡವಾಗಿ, 2006ರಲ್ಲಿ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೀರಿ ಎಂದು ಕೇಳುತ್ತೀರೇನೋ. ಮನೆಗೆ ಬಂದವರನ್ನು ಹಿಡಿಸಿಕೊಳ್ಳುವುದು, ಪರರ ಮನೆಯ ರೀತಿ ಅರಿಯುವುದು, ಮಾತು ಮುರಿಯದ ಹಾಗೆ ನಮ್ಮ ಮನೆಯ ವಿಚಾರ ಹೇಳುವುದು, ಇವೆಲ್ಲ ಹೆಂಗಸರಿಗೆ ತಾನಾಗಿಯೇ ಬರುತ್ತವೆ ಎಂದು ಲೋಕವೆಲ್ಲ ಹೊಗಳುತ್ತದೆ. ಆದರೆ ಇದೇ ಕೆಲಸಕ್ಕೆ ಸಂಬಳ, ಕುರ್ಚಿ, ಬಾವುಟ ಕೊಡುವ ಸಮಯ ಬಂದಾಗ, 'ಅಯ್ಯೋ, ನಿಮಗೆ ಮನೆ ಇದೆಯಲ್ಲಮ್ಮ!' ಅಂದುಬಿಟ್ಟರು. ಹಾಗೆ ಅನ್ನಿಸಿಕೊಂಡೂ ಮೂವತ್ತೆರಡು ವರ್ಷ ಆ ಕೆಲಸ ಮಾಡಿದವರು ನಮ್ಮ ಕೊಡಗಿನ ಮುತ್ತಮ್ಮನವರು.

ಅವರ ಪೂರ್ತಿ ಹೆಸರು ಚೋನಿರ ಬೆಳ್ಯಪ್ಪ ಮುತ್ತಮ್ಮ. ಹುಟ್ಟಿದ್ದು 1924ರ ಜನವರಿಯಲ್ಲಿ, ವಿರಾಜಪೇಟೆಯಲ್ಲಿ. ನನಗೆ ಅವರ ಹೆಸರನ್ನು ಮೊದಲು ಹೇಳಿದವರು ನಮ್ಮ ಪಕ್ಕದ ಮನೆಯವರು. ನಾವಿರುವುದು ಅರಕಲಗೂಡಿನಲ್ಲಿ, ಅವರ ತವರು ವಿರಾಜಪೇಟೆ. 'ನಮ್ಮೂರಿನವರು ರೀ, ಹಂಗೇರಿಗೆ ರಾಯಭಾರಿ ಆಗಿದ್ರು' ಎಂದು ಅವರು ಹೆಮ್ಮೆಯಿಂದ ಹೇಳಿದಾಗ, ಹಂಗೇರಿ ಯಾವ ಮೂಲೆಯಲ್ಲಿದೆ ಎಂದು ನಾನು ಮಗನ ಅಟ್ಲಾಸು ತೆಗೆದು ನೋಡಿದ್ದೆ.

ಮುತ್ತಮ್ಮನವರಿಗೆ ಒಂಬತ್ತು ವರ್ಷವಾಗಿದ್ದಾಗ ಅರಣ್ಯಾಧಿಕಾರಿಯಾಗಿದ್ದ ತಂದೆ ತೀರಿಕೊಂಡರು. ನಾಲ್ಕು ಮಕ್ಕಳು. ಆ ತಾಯಿ ಮಕ್ಕಳ ಓದನ್ನು ನಿಲ್ಲಿಸಲಿಲ್ಲ. 1933ರ ಸುಮಾರಿನ ಮಾತು ಇದು, ಯೋಚಿಸಿ ನೋಡಿ. ಎಷ್ಟು ಜನ ಬಂದು, 'ಹೆಣ್ಣುಮಕ್ಕಳಿಗೆ ಇಷ್ಟು ಓದು ಯಾಕವ್ವ, ಮದುವೆ ಮಾಡಿ ಕೈ ತೊಳ್ಕೋ' ಅಂದಿರಬಹುದು! ಮಗಳು ಮಡಿಕೇರಿಯ ಸಂತ ಜೋಸೆಫರ ಶಾಲೆ ಮುಗಿಸಿ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಚಿನ್ನದ ಪದಕಗಳೊಂದಿಗೆ ಪದವಿ ಪಡೆದು, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಮಾಡಿದರು. 1948ರಲ್ಲಿ ಕೇಂದ್ರ ಸರ್ಕಾರದ ದೊಡ್ಡ ಹುದ್ದೆಗಳ ಪರೀಕ್ಷೆಗೆ ಕುಳಿತು ಗೆದ್ದರು. ಆ ಪರೀಕ್ಷೆ ಗೆದ್ದ ಮೊದಲ ಹೆಂಗಸು ಅವರೇ. ಆಗ ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ, ತನ್ನ ಪಾಡಿಗೆ ತಾನೇ ಒಂದು ಪುಟ್ಟ ಪ್ರಾಂತ್ಯ.

ಪರೀಕ್ಷೆ ಗೆದ್ದರು, ಸಂದರ್ಶನಕ್ಕೆ ಹೋದರು. ಅಲ್ಲಿ ಆಯೋಗದ ಅಧ್ಯಕ್ಷರೇ, ವಿದೇಶಾಂಗ ಸೇವೆ ಹೆಣ್ಣುಮಕ್ಕಳಿಗೆ ತಕ್ಕದ್ದಲ್ಲ, ಬೇಡ ಎಂದು ಮನಸ್ಸು ತಿರುಗಿಸಲು ನೋಡಿದರು ಎಂದು ಮುಂದೆ ಮುತ್ತಮ್ಮನವರು ಕೋರ್ಟಿನ ಅರ್ಜಿಯಲ್ಲಿ ಬರೆದಿದ್ದಾರೆ. ಇವರು ಬಗ್ಗಲಿಲ್ಲ. 1949ರಲ್ಲಿ ಸೇವೆಗೆ ಸೇರಿಯೇಬಿಟ್ಟರು. ಸೇರುವಾಗ ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು: ಮದುವೆಯಾದರೆ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ, ಎಂದು. ಜೊತೆಗೆ ಸೇರಿದ ಗಂಡಸರು ಯಾರೂ ಇಂಥ ಮುಚ್ಚಳಿಕೆ ಬರೆಯಲಿಲ್ಲ. ಅವರಿಗೆ ಮದುವೆಯಾದರೆ ಒಳ್ಳೆಯದೇ ಆಯಿತು, ರಾಯಭಾರ ಕಚೇರಿಯ ಔತಣಗಳನ್ನು ನೋಡಿಕೊಳ್ಳಲು ಸಂಬಳವಿಲ್ಲದ ಒಂದು ಜೀವ ಬಂದ ಹಾಗಾಯಿತು!

ಇನ್ನೊಂದು ವಿಚಿತ್ರ ಕೇಳಿ. ಅದೇ ಹೊತ್ತಿನಲ್ಲಿ ವಿಜಯಲಕ್ಷ್ಮಿ ಪಂಡಿತರು ಮಾಸ್ಕೋದಲ್ಲಿ ನಮ್ಮ ರಾಯಭಾರಿಯಾಗಿದ್ದು, ಅಲ್ಲಿಂದ ವಾಷಿಂಗ್ಟನ್ನಿಗೆ ಹೋಗಿದ್ದರು. ಅವರು ಮೂರು ಹೆಣ್ಣುಮಕ್ಕಳ ತಾಯಿ. 1953ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಅಧ್ಯಕ್ಷೆಯೂ ಆದರು, ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ. ಪ್ರಧಾನಿಯ ತಂಗಿಗೆ ಸಂಸಾರ ಅಡ್ಡ ಬರುವುದಿಲ್ಲ, ಪರೀಕ್ಷೆ ಬರೆದು ಗೆದ್ದ ವಿರಾಜಪೇಟೆಯ ಹುಡುಗಿಗೆ ಇನ್ನೂ ಆಗದ ಸಂಸಾರ ಅಡ್ಡ ಬರುತ್ತದೆ. ವಿಜಯಲಕ್ಷ್ಮಿಯವರ ಯೋಗ್ಯತೆಯನ್ನು ನಾನು ಹಳಿಯುತ್ತಿಲ್ಲ. ಅವರು ಮಾಡಿ ತೋರಿಸಿದ್ದನ್ನು ಕಣ್ಣಾರೆ ಕಂಡ ಮೇಲೂ ನಿಯಮ ಬರೆಯುವವರ ಕೈ ನಡುಗಲಿಲ್ಲವಲ್ಲ, ಅದನ್ನು ಹೇಳುತ್ತಿದ್ದೇನೆ.

1961ರಲ್ಲಿ ಆ ನಿಯಮಗಳನ್ನು ಇನ್ನಷ್ಟು ಅಚ್ಚುಕಟ್ಟಾಗಿ ಅಚ್ಚು ಹಾಕಿಸಿದರು. ಸೇವೆಯಲ್ಲಿರುವ ಹೆಂಗಸು ಮದುವೆಯಾಗುವ ಮೊದಲು ಸರ್ಕಾರದಿಂದ ಬರವಣಿಗೆಯಲ್ಲಿ ಅಪ್ಪಣೆ ಪಡೆಯಬೇಕು. ಮದುವೆಯಾದ ಮೇಲೆ ಅವಳ ಸಂಸಾರದ ಹೊಣೆಗಳು ಕೆಲಸಕ್ಕೆ ಅಡ್ಡ ಬರುವಂತಿವೆ ಎಂದು ಸರ್ಕಾರಕ್ಕೆ ತೋರಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ಮದುವೆಯಾದ ಹೆಂಗಸಿಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ. ಗಮನಿಸಿದಿರಾ? ಅಡ್ಡ ಬಂದರೆ ಅಲ್ಲ, ಅಡ್ಡ ಬರುವಂತಿದ್ದರೆ! ಹಾಲು ಉಕ್ಕುವ ಮೊದಲೇ ಒಲೆ ಆರಿಸಿದ ಹಾಗೆ.

ಓದುವಾಗ ನನಗೆ ನನ್ನದೇ ಒಂದು ಮಧ್ಯಾಹ್ನ ನೆನಪಾಯಿತು. 1981ರಲ್ಲಿ ಬಿ.ಎ. ಮುಗಿಸಿ ಒಂದು ಕಚೇರಿಯ ಸಂದರ್ಶನಕ್ಕೆ ಹೋಗಿದ್ದೆ. ಯಾವ ಕಚೇರಿ ಎಂಬುದು ಬೇಡ. ಮೇಜಿನ ಆಚೆ ಮೂವರು. ನಾನು ರಾತ್ರಿಯೆಲ್ಲ ಓದಿಕೊಂಡು ಹೋದದ್ದರಲ್ಲಿ ಒಂದನ್ನೂ ಕೇಳಲಿಲ್ಲ. 'ಮದುವೆ ಗೊತ್ತಾಗಿದೆಯೇನಮ್ಮ?' ಅಂದರು. 'ಹೌದು ಸಾರ್, ವೈಶಾಖದಲ್ಲಿ' ಅಂದೆ. ನಡುವೆ ಕುಳಿತಿದ್ದವರು ನಕ್ಕು ಪೆನ್ನಿಗೆ ಕ್ಯಾಪು ಹಾಕಿದರು. ಅಷ್ಟೇ. ಆ ಕ್ಯಾಪು ಹಾಕಿದ ಟಿಕ್ ಶಬ್ದ ಈಗಲೂ ಕಿವಿಯಲ್ಲಿದೆ. ನಿಮ್ಮಲ್ಲಿ ಎಷ್ಟು ಮಂದಿ ಆ ಶಬ್ದ ಕೇಳಿದ್ದೀರೋ!

ಮುತ್ತಮ್ಮನವರು ಮದುವೆಯಾಗಲಿಲ್ಲ. ಅದು ಮುಚ್ಚಳಿಕೆಯ ಕಾರಣಕ್ಕೋ, ಅವರ ಇಷ್ಟವೋ, ಅದನ್ನು ಕೆದಕುವ ಹಕ್ಕು ನಮಗಿಲ್ಲ. ಮೊದಲು ಪ್ಯಾರಿಸ್, ಆಮೇಲೆ ರಂಗೂನು, ಲಂಡನ್, ನಡುನಡುವೆ ದೆಹಲಿಯ ಕಚೇರಿ. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಪರೀಕ್ಷೆ ಬರೆದು, ಕೆಳಗಿನ ಮೆಟ್ಟಿಲಿನಿಂದ ಹತ್ತಿ ರಾಯಭಾರಿಯಾದ ಮೊದಲ ಭಾರತೀಯ ಮಹಿಳೆ.

ಹಂಗೇರಿ ಆಗ ಕಮ್ಯುನಿಸ್ಟರ ಕೈಯಲ್ಲಿದ್ದ ದೇಶ. ಬೇರೆ ದೇಶದ ರಾಯಭಾರಿ ಹೋಗಿ ಅಲ್ಲಿಯ ಸಾಮಾನ್ಯ ಜನರ ಮನಸ್ಸು ತಟ್ಟುವುದು ಸುಲಭವಲ್ಲ. ಆದರೆ ಭಾರತದಿಂದ ಹೋದವರಿಗೆ ಅಲ್ಲಿ ಮೊದಲೇ ತೆರೆದಿಟ್ಟ ಬಾಗಿಲುಗಳಿದ್ದವು. ಬಲಾಟನ್ ಎಂಬ ದೊಡ್ಡ ಸರೋವರದ ದಡದಲ್ಲಿ ಒಂದು ಊರಿದೆ. 1926ರಲ್ಲಿ ರವೀಂದ್ರನಾಥ ಠಾಕೂರರು ಕಾಯಿಲೆ ಬಿದ್ದು ಅಲ್ಲಿಯ ಆಸ್ಪತ್ರೆಯಲ್ಲಿ ಹೃದಯಕ್ಕೆ ಚಿಕಿತ್ಸೆ ಪಡೆದರು. ಗುಣವಾದಾಗ ಸರೋವರದ ಬಳಿ ಒಂದು ಸಸಿ ನೆಟ್ಟು ಬಂದರು. ಆ ದಡದ ದಾರಿಗೆ ಈಗ ಅವರದೇ ಹೆಸರು. ಅಲ್ಲಿಂದ ಸುಮಾರು ನೂರು ವರ್ಷ ಹಿಂದೆ ಹಂಗೇರಿಯ ಚೋಮ ಎಂಬ ವಿದ್ವಾಂಸರು ತಮ್ಮ ಜನರ ಮೂಲ ಹುಡುಕುತ್ತಾ ಏಷ್ಯಕ್ಕೆ ಹೊರಟು, ಲಡಾಖಿನ ಕಡೆ ಲಾಮಾಗಳ ಜೊತೆ ಚಳಿಯಲ್ಲಿ ಕುಳಿತು, 1834ರಲ್ಲಿ ಕಲ್ಕತ್ತೆಯಲ್ಲಿ ಟಿಬೆಟ್ ಭಾಷೆಯ ನಿಘಂಟು ಅಚ್ಚು ಹಾಕಿಸಿದರು. ಅವರ ಸಮಾಧಿ ಇರುವುದು ನಮ್ಮ ಡಾರ್ಜಿಲಿಂಗಿನಲ್ಲಿ. ಚಿತ್ರ ಕಲಾವಿದೆ ಅಮೃತಾ ಶೇರ್‌ಗಿಲ್ ಹುಟ್ಟಿದ್ದು 1913ರಲ್ಲಿ ಬುಡಾಪೆಸ್ಟಿನಲ್ಲಿ. ತಾಯಿ ಹಂಗೇರಿಯವರು, ತಂದೆ ಪಂಜಾಬಿನ ಸಿಖ್ಖರು. ಬುಡಾಪೆಸ್ಟಿನಲ್ಲಿರುವ ಭಾರತದ ಸಾಂಸ್ಕೃತಿಕ ಕೇಂದ್ರಕ್ಕೆ ಆಕೆಯ ಹೆಸರನ್ನೇ ಇಟ್ಟಿದ್ದಾರೆ.

ಒಬ್ಬ ಕವಿಯ ಕಾಯಿಲೆ, ಒಬ್ಬ ವಿದ್ವಾಂಸನ ಹುಚ್ಚು, ಒಂದು ಮದುವೆ. ಎರಡು ದೇಶಗಳ ನಡುವಿನ ಬಳಕೆ ಹೀಗೆಯೇ ಬೆಳೆಯುತ್ತದೆ. ಸರ್ಕಾರ ಮಾಡುವುದು ಆ ಸಸಿಗೆ ನೀರು ಹಾಕುವುದನ್ನು ಮಾತ್ರ. ಅಡುಗೆಮನೆಯ ಮಾತೊಂದನ್ನೂ ಸೇರಿಸಿಬಿಡುತ್ತೇನೆ: ಹಂಗೇರಿಯವರು ಸಾರಿಗೆ, ಪಲ್ಯಕ್ಕೆ, ಮಾಂಸಕ್ಕೆ ಎಲ್ಲಕ್ಕೂ ಹಾಕುವ ಪ್ಯಾಪ್ರಿಕಾ ಪುಡಿ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹಾಗೆಯೇ, ಬಣ್ಣ ಜಾಸ್ತಿ, ಖಾರ ಕಮ್ಮಿ. ಎರಡರ ಪೂರ್ವಿಕರೂ ಹಡಗು ಹತ್ತಿ ಬಂದದ್ದು ಅಮೆರಿಕದ ಕಡೆಯಿಂದ!

ಮುಂದೆ ಅವರು ಆಫ್ರಿಕದ ಘಾನಾಕ್ಕೆ ಹೋದರು, ಕೊನೆಗೆ ನೆದರ್‌ಲ್ಯಾಂಡ್ಸಿನ ಹೇಗ್ ನಗರಕ್ಕೆ. ಹೇಗ್‌ನಲ್ಲಿ ಇನ್ನೊಂದು ಬಗೆಯ ಭಾರತೀಯರಿದ್ದಾರೆ. 1873ರಿಂದ ಬಿಹಾರ, ಉತ್ತರ ಪ್ರದೇಶದ ಬಡವರನ್ನು ಡಚ್ಚರು ದಕ್ಷಿಣ ಅಮೆರಿಕದ ಸುರಿನಾಮಿಗೆ ಕೂಲಿಗೆ ಸಾಗಿಸಿದ್ದರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅವರ ಮೊಮ್ಮಕ್ಕಳು ಸಾವಿರಾರು ಮಂದಿ ನೆದರ್‌ಲ್ಯಾಂಡ್ಸಿಗೆ ಬಂದು ನೆಲೆಸಿದರು. ಭಾರತವನ್ನು ಕಣ್ಣಿನಿಂದ ಕಂಡವರಲ್ಲ, ಮದುವೆಯ ಶಾಸ್ತ್ರ ಬಿಟ್ಟವರೂ ಅಲ್ಲ. ಅವರಿಗೆ ಭಾರತವೆಂದರೆ ಅಜ್ಜಿ ಹೇಳಿದ್ದು. ರಾಯಭಾರಿ ಅಲ್ಲಿ ಅಜ್ಜಿಯ ನೆನಪಿಗೂ ಉತ್ತರ ಕೊಡಬೇಕು.

ಈಗ ಕೋರ್ಟಿನ ಕಥೆಗೆ ಬರುತ್ತೇನೆ. ಇಷ್ಟೆಲ್ಲ ದುಡಿದರೂ ಸೇವೆಯ ಮೇಲಿನ ದರ್ಜೆಗೆ ಬಡ್ತಿ ಕೊಡುವ ಹೊತ್ತಿಗೆ ಮುತ್ತಮ್ಮನವರನ್ನು ಕೈಬಿಟ್ಟರು. ಅವರಿಗಿಂತ ಕಿರಿಯರು ಮುಂದೆ ಹೋದರು. ನಮ್ಮಂಥವರಾದರೆ ಏನು ಮಾಡುತ್ತಿದ್ದೆವು? ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇನ್ನು ಎರಡು ಮೂರು ವರ್ಷ, ನಿವೃತ್ತಿ ಬಂತಲ್ಲ, ಮಾನ ಉಳಿದರೆ ಸಾಕು ಎಂದುಕೊಳ್ಳುತ್ತಿದ್ದೆವೇನೋ. ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ತಾವೇ ಪ್ರತಿನಿಧಿಸುವ ಸರ್ಕಾರದ ಮೇಲೆ! ಹೊರಗೆ ಹೋಗಿ ದೇಶದ ಬಗ್ಗೆ ಒಳ್ಳೆಯ ಮಾತಾಡುವವರು ಒಳಗಿನ ಹುಳುಕಿನ ಬಗ್ಗೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ನನಗೇನೋ ಹಾಗನ್ನಿಸುವುದಿಲ್ಲ. ಮನೆಯ ಸೊಸೆ ಮಾವನೆದುರು ನ್ಯಾಯ ಕೇಳಬಲ್ಲ ಮನೆಯ ಬಗ್ಗೆಯೇ ಊರಿನಲ್ಲಿ ಒಳ್ಳೆಯ ಮಾತು ಹುಟ್ಟುವುದು.

ಅರ್ಜಿ ಕೋರ್ಟಿಗೆ ಹೋದ ಮೇಲೆ ಸರ್ಕಾರ ಚುರುಕಾಯಿತು. ಅವರ ಯೋಗ್ಯತೆಯನ್ನು ಮತ್ತೆ ಪರಿಶೀಲಿಸಿ ಬಡ್ತಿ ಕೊಟ್ಟರು. 1979ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು, ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಬಡ್ತಿ ಸಿಕ್ಕಿದ್ದರಿಂದ ಅರ್ಜಿಯನ್ನು ವಜಾ ಮಾಡಿದರು, ಆದರೆ ಸಮಸ್ಯೆಯನ್ನು ವಜಾ ಮಾಡುತ್ತಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ನಡುವೆ ಕಳೆದುಹೋದ ಹಿರಿತನವನ್ನು ಸರ್ಕಾರ ಮತ್ತೊಮ್ಮೆ ನೋಡಬೇಕು ಎಂದರು. ಆ ನಿಯಮಗಳ ಮೇಲಂತೂ ಅವರ ಲೇಖನಿ ಚೆನ್ನಾಗಿಯೇ ಓಡಿದೆ. ಸಂಸಾರದ ಹೊಣೆ ಹೆಂಗಸಿನ ಕೆಲಸಕ್ಕೆ ಅಡ್ಡ ಬರಬಹುದಾದರೆ, ಗಂಡಸಿನ ಕೆಲಸಕ್ಕೆ ಯಾಕೆ ಬರಬಾರದು? ಅವನಿಗೂ ಸಂಸಾರವಿಲ್ಲವೇ? ತೀರ್ಪಿನ ಒಟ್ಟು ಧಾಟಿ ಇದು. ಅಷ್ಟು ಹೊತ್ತಿಗೆ ಒಂದು ನಿಯಮವನ್ನು ತೆಗೆದುಹಾಕಿ ಆಗಿತ್ತು, ಇನ್ನೊಂದನ್ನೂ ತೆಗೆಯುತ್ತಿದ್ದೇವೆ ಎಂದು ಸರ್ಕಾರ ಪ್ರಮಾಣಪತ್ರ ಕೊಟ್ಟಿತು.

ಹಾಗೆಂದು ಆ ತೀರ್ಪನ್ನು ನಾನು ಪೂರ್ತಿ ತಲೆಯ ಮೇಲೆ ಹೊರುವುದಿಲ್ಲ. ಎಲ್ಲ ಕೆಲಸಗಳಲ್ಲೂ, ಎಲ್ಲ ಸಂದರ್ಭಗಳಲ್ಲೂ ಹೆಣ್ಣು ಗಂಡು ಸಮ ಎಂದು ನಾವು ಹಟ ಹಿಡಿಯುತ್ತಿಲ್ಲ ಎಂಬ ಒಂದು ಒಗ್ಗರಣೆಯನ್ನೂ ನ್ಯಾಯಮೂರ್ತಿಗಳು ಕೊನೆಯಲ್ಲಿ ಹಾಕಿದ್ದಾರೆ. ಆ ಒಗ್ಗರಣೆ ನನಗೆ ಸ್ವಲ್ಪ ಸೀದ ವಾಸನೆ ಬಂತು. ಆದರೂ ಒಬ್ಬ ಹೆಣ್ಣುಮಗಳು ಮೂವತ್ತು ವರ್ಷ ನುಂಗಿಕೊಂಡಿದ್ದ ಪ್ರಶ್ನೆಯನ್ನು ದೇಶದ ದೊಡ್ಡ ನ್ಯಾಯಾಲಯ ಬಾಯಿಬಿಟ್ಟು ಕೇಳಿತಲ್ಲ!

1982ರಲ್ಲಿ ನಿವೃತ್ತಿ. ಆ ಹೊತ್ತಿನಲ್ಲೇ ಅವರು ಇನ್ನೊಂದು ದೊಡ್ಡ ಮೇಜಿನ ಸುತ್ತ ಕುಳಿತಿದ್ದರು. ಸ್ವೀಡನ್ ದೇಶದ ಓಲೊಫ್ ಪಾಲ್ಮೆ ಅವರು 1980ರಲ್ಲಿ ಅಣ್ವಸ್ತ್ರಗಳನ್ನು ಕಡಿಮೆ ಮಾಡುವ ದಾರಿ ಹುಡುಕಲು ಒಂದು ಆಯೋಗ ಕಟ್ಟಿದ್ದರು. ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಸೈರಸ್ ವ್ಯಾನ್ಸ್, ರಷ್ಯದ ಅರ್ಬಾತೊವ್, ನಾರ್ವೆಯ ಬ್ರುಂಟ್‌ಲ್ಯಾಂಡ್ ಎಂಬ ಮಹಿಳೆ, ಇಂಥವರ ನಡುವೆ ಭಾರತದಿಂದ ನಮ್ಮ ಮುತ್ತಮ್ಮನವರು. 1982ರಲ್ಲಿ ಅವರು ಕೊಟ್ಟ ವರದಿಯ ತಿರುಳು ಹೆಂಗಸರಿಗೆ ಬೇಗ ತಿಳಿಯುವಂಥದು. ನನ್ನ ಕಾಂಪೌಂಡು ಎಷ್ಟು ಎತ್ತರ ಕಟ್ಟಿದರೂ, ಎದುರು ಮನೆಯವನು ಹೆದರಿಕೊಂಡು ಕೂತಿರುವ ತನಕ ನನಗೆ ನಿದ್ದೆಯಿಲ್ಲ. ಅವನು ನಾನು ಕಟ್ಟಿದ್ದಕ್ಕಿಂತ ಒಂದು ಗೇಣು ಎತ್ತರ ಕಟ್ಟುತ್ತಾನೆ, ನಾನು ಅದರ ಮೇಲೆ ಇನ್ನೊಂದು ಗೇಣು. ಭದ್ರತೆ ಎನ್ನುವುದು ಇಬ್ಬರಿಗೂ ಒಟ್ಟಿಗೆ ಇದ್ದರೆ ಇದೆ, ಇಲ್ಲದಿದ್ದರೆ ಇಬ್ಬರಿಗೂ ಇಲ್ಲ. ಜಗತ್ತು ಆ ವರದಿಯನ್ನು ಎಷ್ಟು ಕಿವಿಗೆ ಹಾಕಿಕೊಂಡಿತು ಎಂಬುದನ್ನು ದಿನಪತ್ರಿಕೆ ತೆರೆದರೆ ನೀವೇ ನೋಡಬಹುದು.

ನಿವೃತ್ತರಾದ ಮೇಲೆ 'ಸ್ಲೇನ್ ಬೈ ದಿ ಸಿಸ್ಟಮ್' ಎಂಬ ಪುಸ್ತಕದಲ್ಲಿ ಆಡಳಿತದ ಹುಳುಕುಗಳ ಬಗ್ಗೆ ಬರೆದರು. ಆದರೆ ನಮ್ಮ ಮನೆಗೆ ಬಂದದ್ದು ಅವರ ಇನ್ನೊಂದು ಪುಸ್ತಕ. ಆಶ್ಚರ್ಯಪಡಬೇಡಿ, ಅದು ಅಡುಗೆ ಪುಸ್ತಕ! ಪಿ. ಗಂಗಮ್ಮ ಬೋಪಣ್ಣ ಎಂಬುವರ ಜೊತೆ ಸೇರಿ ಕೊಡವರ ಅಡುಗೆಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದದ್ದು, 2000ದಲ್ಲಿ ಹೊರಬಂತು. ಪಕ್ಕದ ಮನೆಯವರು ತವರಿಗೆ ಹೋದಾಗ ತಂದು ತೋರಿಸಿದರು. ಯುರೋಪಿನ ಎಷ್ಟು ಔತಣಗಳನ್ನು ಉಂಡಿರಬೇಕು ಆ ಜೀವ, ಕೊನೆಗೆ ಕೂತು ಬರೆದದ್ದು ತನ್ನ ನಾಡಿನ ಪುಟ್ಟುಗಳನ್ನೂ ಕಾಚಂಪುಳಿ ಹಾಕಿದ ಸಾರುಗಳನ್ನೂ. ಲೋಕಕ್ಕೆ ಭಾರತವನ್ನು ಹೇಳಿದವರು ಭಾರತಕ್ಕೆ ಕೊಡಗನ್ನು ಹೇಳಿದರು, ಅಷ್ಟೆ. ಎರಡೂ ಒಂದೇ ಕೆಲಸ ಎಂದು ನನ್ನ ಲೆಕ್ಕ.

ನಾವು ಮಾಂಸ ತಿನ್ನುವವರಲ್ಲ, ಆದ್ದರಿಂದ ಅವರ ಮನೆಯಿಂದ ಗೋಡೆ ದಾಟಿ ಬರುವುದು ಪಾಪುಟ್ಟು. ನೀವೂ ಮಾಡಿ ನೋಡಿ. ಇದು ಪಕ್ಕದ ಮನೆಯವರ ಅಳತೆ: ಒಂದು ಲೋಟ ಅಕ್ಕಿ ತರಿ ತೊಳೆದು, ಒಂದು ಲೋಟ ಹಾಲು, ಒಂದು ಲೋಟ ನೀರು, ಅರ್ಧ ಲೋಟ ತುರಿದ ತೆಂಗಿನಕಾಯಿ, ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ ಸೇರಿಸಿ ಸ್ವಲ್ಪ ಹೊತ್ತು ನೆನೆಸಿಡಿ. ಅಂಚಿರುವ ತಟ್ಟೆಗೆ ಹೊಯ್ದು ಇಪ್ಪತ್ತು ಇಪ್ಪತ್ತೈದು ನಿಮಿಷ ಹಬೆಯಲ್ಲಿ ಬೇಯಿಸಿ. ಆರಿದ ಮೇಲೆ ಕತ್ತರಿಸಿ. ನಮ್ಮ ಮನೆಯಲ್ಲಿ ತರಕಾರಿ ಸಾಗುವಿನ ಜೊತೆ ತಿನ್ನುತ್ತೇವೆ. ಕೊಡವರು ನೋಡಿದರೆ ನಗುತ್ತಾರೆ, ನಗಲಿ.

ಮುತ್ತಮ್ಮನವರು ತೀರಿಕೊಂಡದ್ದು 2009ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿ. ಎಂಬತ್ತೈದು ವರ್ಷ. ಆ ದಿನ ದೆಹಲಿಯಲ್ಲಿ ವಿದೇಶಾಂಗ ಕಾರ್ಯದರ್ಶಿಯ ಕುರ್ಚಿಯಲ್ಲಿ, ಅಂದರೆ ಇಡೀ ಸೇವೆಯ ತುದಿಯಲ್ಲಿ ಇದ್ದವರು ನಿರುಪಮಾ ರಾವ್. ಬೆಂಗಳೂರಿನಲ್ಲಿ ಓದಿದವರು, ಮದುವೆಯಾದವರು, ಇಬ್ಬರು ಗಂಡುಮಕ್ಕಳ ತಾಯಿ. ಗಂಡ ಸುಧಾಕರ ರಾವ್ ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದವರು. 2001ರಲ್ಲಿ ವಿದೇಶಾಂಗ ಇಲಾಖೆಯ ವಕ್ತಾರರಾಗಿ ಪತ್ರಿಕೆಯವರೆದುರು ದೇಶದ ಪರವಾಗಿ ಮಾತಾಡಿದ ಮೊದಲ ಮಹಿಳೆಯೂ ಅವರೇ. ನಿವೃತ್ತರಾದ ಮೇಲೆ 2018ರಲ್ಲಿ ಗಂಡಹೆಂಡತಿ ಸ್ಥಾಪಿಸಿದ ಸಂಸ್ಥೆ ದಕ್ಷಿಣ ಏಷ್ಯದ ದೇಶದೇಶಗಳ ವಾದ್ಯಗಾರರನ್ನು ಒಂದೇ ವೇದಿಕೆಗೆ ತರುತ್ತದೆ. ಮಾತಾಡದ ಸರ್ಕಾರಗಳ ಮಕ್ಕಳು ಅಕ್ಕಪಕ್ಕ ಕೂತು ಪಿಟೀಲು ನುಡಿಸುತ್ತಾರೆ. ಹಿತ್ತಲ ಗೋಡೆಯ ಬಟ್ಟಲು ಅಂದೆನಲ್ಲ, ಅದು.

ಈಗ ನನ್ನ ಅಣ್ಣನ ಮಗಳು ಆ ಪರೀಕ್ಷೆಗೆ ಕುಳಿತಿದ್ದಾಳೆ. ಮೊದಲ ಹಂತ ದಾಟಿ, ಮುಖ್ಯ ಪರೀಕ್ಷೆಗೆ ನಮ್ಮ ಮನೆಯ ಮಹಡಿಯಲ್ಲಿ ಓದುತ್ತಿದ್ದಾಳೆ. ನಿಮ್ಮ ಮನೆಯಲ್ಲೂ ಓದುವ ಹೆಣ್ಣುಮಗಳಿದ್ದರೆ ತಿಳಿದಿರಲಿ: ಯಾವುದೇ ಪದವಿ ಸಾಕು. ವಯಸ್ಸು ಇಪ್ಪತ್ತೊಂದರಿಂದ ಮೂವತ್ತೆರಡು, ಕೆಲವು ವರ್ಗದವರಿಗೆ ಇನ್ನೂ ಸಡಿಲ. ಐ.ಎ.ಎಸ್., ವಿದೇಶಾಂಗ ಸೇವೆ ಎಲ್ಲಕ್ಕೂ ಪರೀಕ್ಷೆ ಒಂದೇ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಸಂದರ್ಶನದಲ್ಲೂ ಕನ್ನಡದಲ್ಲಿ ಉತ್ತರಿಸಬಹುದು. ಇಂಗ್ಲಿಷಿನ ಒಂದು ಪತ್ರಿಕೆಯಲ್ಲಿ ಪಾಸಾದರೆ ಸಾಕು. ಆಯ್ಕೆಯಾದ ಮೇಲೆ ಒಂದು ಹೊರದೇಶದ ಭಾಷೆಯನ್ನು ಸರ್ಕಾರವೇ ಕಲಿಸುತ್ತದೆ. ಮುಚ್ಚಳಿಕೆ ಯಾರೂ ಕೇಳುವುದಿಲ್ಲ.

ಸರ್ಕಾರ ಕೇಳುವುದಿಲ್ಲ, ಸರಿ. ಹೋದ ಭಾನುವಾರ ಅವಳನ್ನು ನೋಡಲು ಬಂದಿದ್ದರು. ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಇಂಜಿನಿಯರು, ಸಂಭಾವಿತ. ಕಾಫಿ ಆದ ಮೇಲೆ ಅವನ ತಾಯಿ ಮೆಲ್ಲಗೆ ತೆಗೆದರು: 'ಆ ಕೆಲಸ ಸಿಕ್ಕಿದ್ರೆ ದೇಶ ದೇಶ ಸುತ್ತಬೇಕಂತಲ್ಲ. ಮನೆ ಕಡೆ ಹೇಗೆ?'

ಅಣ್ಣ ನೆಲ ನೋಡಿದ. ಅತ್ತಿಗೆ ನನ್ನ ಮುಖ ನೋಡಿದರು. ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ನಾನೇ ಅಂದೆ: 'ನಿಮ್ಮ ಮಗನಿಗೂ ಕಂಪನಿಯವರು ಎರಡು ವರ್ಷ ಅಮೆರಿಕಕ್ಕೆ ಹೋಗು ಅಂತಿದಾರಂತಲ್ಲ. ಆಗ ಮನೆ ಕಡೆ ಹೇಗಮ್ಮ?'

ಸಿಟ್ಟಾಗುತ್ತಾರೆ ಅಂದುಕೊಂಡೆ. ಆಕೆ ಸಿಟ್ಟಾಗಲಿಲ್ಲ. ಒಂದು ಗಳಿಗೆ ಲೋಟದ ತಳ ನೋಡಿದರು. 'ಅದನ್ನ ಯಾರೂ ಇದುವರೆಗೆ ಕೇಳೇ ಇರಲಿಲ್ಲ ನೋಡಿ' ಅಂದರು. ಹುಡುಗ ಏನೋ ಹೇಳಲು ಹೊರಟು ಅಮ್ಮನ ಮುಖ ನೋಡಿ ಸುಮ್ಮನಾದ. ಆಕೆ ಹೊರಡುವಾಗ ತಟ್ಟೆಯಲ್ಲಿ ಉಳಿದಿದ್ದ ಪಾಪುಟ್ಟು ಯಾವುದರಲ್ಲಿ ಮಾಡಿದ್ದು ಎಂದು ವಿಚಾರಿಸಿದರು, ನಾಲ್ಕು ತುಂಡು ಕಟ್ಟಿಸಿಕೊಂಡು ಹೋದರು. ಗೌರಿ ಹಬ್ಬ ಕಳೆದ ಮೇಲೆ ತಿಳಿಸುತ್ತೇವೆ ಅಂದಿದ್ದಾರೆ. ಹಬ್ಬಕ್ಕೆ ಇನ್ನೂ ಹದಿನೈದು ದಿನ ಇದೆ. ಮಹಡಿಯ ಮೇಲೆ ರಾತ್ರಿ ಒಂದು ಗಂಟೆಯ ತನಕ ದೀಪ ಉರಿಯುತ್ತಿರುತ್ತದೆ.